ರ‍್ಯಾಲಿ ಧಾಟಿಯಲ್ಲಿ ಸಜ್ಜಾದ ಟ್ರಾನ್ಸಿಟ್ ಕಸ್ಟಮ್ ವ್ಯಾನಿನಲ್ಲಿ ಸ್ಟೀರಿಂಗ್ ನಡುಕ ಮತ್ತು ಎಳೆತ: ದೋಷದ ಮೂಲ ಹುಡುಕುವ ಕ್ರಮ

ಸರಕು ಸಾಗಣೆಗೆಂದು ತಯಾರಾದ ಫೋರ್ಡ್ ಟ್ರಾನ್ಸಿಟ್ ಕಸ್ಟಮ್ ವ್ಯಾನನ್ನು ತಗ್ಗಿಸಿ, ಅದಕ್ಕೆ 18 ಇಂಚಿನ ಅಲಾಯ್ ಚಕ್ರ ತೊಡಿಸಿ, ಎಂಜಿನ್ನಿನ ಶಕ್ತಿಯನ್ನೂ ಏರಿಸಿದ ಮೇಲೆ ಮಾಲೀಕರು ಹೇಳುವ ದೂರುಗಳಲ್ಲಿ ಮೂರು ಪದೇ ಪದೇ ಕೇಳಿಬರುತ್ತವೆ. ಗಂಟೆಗೆ 60 ಮೈಲಿನ ಆಸುಪಾಸಿನಲ್ಲಿ ಸ್ಟೀರಿಂಗ್ ನಡುಗುತ್ತದೆ. ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಇಡೀ ಮುಂಭಾಗ ಅದುರುತ್ತದೆ. ನೇರ ರಸ್ತೆಯಲ್ಲಿಯೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಈ ಮೂರೂ ಒಂದೇ ಗಾಡಿಯಲ್ಲಿ ಒಟ್ಟಿಗೆ ಕಾಣಿಸಿಕೊಂಡಾಗ ಅವುಗಳಿಗೆಲ್ಲ ಒಂದೇ ಕಾರಣವಿದೆ ಎಂದು ನಂಬಿ ಬಿಡಿಭಾಗಗಳನ್ನು ಬದಲಿಸುತ್ತಾ ಹೋಗುವುದು ಸಾಮಾನ್ಯ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅವು ಬೇರೆ ಬೇರೆ ದೋಷಗಳಾಗಿದ್ದು, ಒಂದರ ಲಕ್ಷಣವು ಇನ್ನೊಂದನ್ನು ಮುಚ್ಚಿಡುತ್ತಿರುತ್ತದೆ. ಆದ್ದರಿಂದ ಈ ಕೈಪಿಡಿಯಲ್ಲಿ ಸ್ಪ್ಯಾನರ್ ಕೈಗೆ ಬರುವುದಕ್ಕೆ ಮೊದಲು ಅಳತೆಪಟ್ಟಿ ಮತ್ತು ತೂಕದ ಚೀಟಿ ಬರುತ್ತವೆ.

ಇಲ್ಲಿ ಹೇಳುವ ವಿಷಯ ಮುಖ್ಯವಾಗಿ 2012ರಲ್ಲಿ ಬಂದ ಮೊದಲ ತಲೆಮಾರಿನ ಟ್ರಾನ್ಸಿಟ್ ಕಸ್ಟಮ್‌ಗೆ ಅನ್ವಯಿಸುತ್ತದೆ. ಇದು ಮುಂದಿನ ಚಕ್ರಗಳಿಂದ ಓಡುವ ಗಾಡಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ ಸೇರಿದ ಜೋಡಣೆ), ಹಿಂದೆ ಎರಡು ಚಕ್ರಗಳನ್ನು ಸೇರಿಸುವ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್, ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಕಮಾನು ಪಟ್ಟಿ ಎನ್ನುವ ಜೋಡಣೆ ಇದೆ. 2023ರಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ಹಿಂಬದಿಗೆ ಸ್ವತಂತ್ರ ಸಸ್ಪೆನ್ಷನ್ ಇರುವುದರಿಂದ, ಹಿಂದಿನ ಆಕ್ಸಲ್ ಬಗ್ಗೆ ಮುಂದೆ ಬರುವ ಮಾತುಗಳು ಅದಕ್ಕೆ ಹೊಂದುವುದಿಲ್ಲ.

ಈ ವ್ಯಾನಿಗೂ ರ‍್ಯಾಲಿಗೂ ಇರುವ ನಂಟು ಬರೀ ಬಣ್ಣದ ಪಟ್ಟೆಗಳದ್ದಲ್ಲ. ಮಾಲ್ಕಮ್ ವಿಲ್ಸನ್ ಸ್ಥಾಪಿಸಿದ, ಇಂಗ್ಲೆಂಡಿನ ಕಂಬ್ರಿಯಾ ಪ್ರಾಂತ್ಯದ ಡವೆನ್ಬಿ ಹಾಲ್‌ನಲ್ಲಿ ನೆಲೆಸಿರುವ ಎಂ-ಸ್ಪೋರ್ಟ್ ತಂಡವು 1997ರಿಂದ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಫೋರ್ಡ್ ಕಾರುಗಳನ್ನು ಓಡಿಸುತ್ತಾ ಬಂದು, 2006 ಮತ್ತು 2007ರಲ್ಲಿ ತಯಾರಕರ ಪ್ರಶಸ್ತಿಯನ್ನು ಫೋರ್ಡ್‌ಗೆ ತಂದುಕೊಟ್ಟಿತು. ಅದೇ ತಂಡದ ಹೆಸರಿನ ನಂಟಿನಿಂದ ಹುಟ್ಟಿದ ಎಂಎಸ್-ಆರ್‌ಟಿ ಮಾದರಿಯ ವ್ಯಾನುಗಳು ದಕ್ಷಿಣ ವೇಲ್ಸ್‌ನ ಪಾಂಟಿಪೂಲ್‌ನಲ್ಲಿ ಅಗಲವಾದ ಬಂಪರ್, ಪಕ್ಕದ ಸ್ಕರ್ಟ್, ಸ್ಪಾಯ್ಲರ್ ಮತ್ತು ಓಜೆಡ್ ಚಕ್ರಗಳೊಂದಿಗೆ ಸಿದ್ಧವಾಗಿ ಬಂದವು. ಅವುಗಳನ್ನು ನೋಡಿ ಮಾಲೀಕರೇ ಬಿಡಿಭಾಗ ಕೊಂಡು ಮಾರ್ಪಡಿಸಿದ ಸಾಧಾರಣ ವ್ಯಾನುಗಳೂ ಬ್ರಿಟನ್ನಿನ ರಸ್ತೆಗಳಲ್ಲಿವೆ. ದೋಷ ಹುಡುಕುವವರಿಗೆ ಈ ಎರಡರ ನಡುವಿನ ಭೇದ ಬಹಳ ದೊಡ್ಡದು. ಮೊದಲನೆಯದಕ್ಕೆ ಅಳತೆಗಳ ದಾಖಲೆ ದೊರಕುತ್ತದೆ. ಎರಡನೆಯದಕ್ಕೆ ಆ ದಾಖಲೆಯನ್ನು ನಾವೇ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಮೊದಲು ತೂಕ ಮತ್ತು ಎತ್ತರ

ರ‍್ಯಾಲಿ ಕಾರಿನ ತೂಕ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹೆಚ್ಚು ಬದಲಾಗುವುದಿಲ್ಲ. ಇಂಧನ ಮತ್ತು ಹೆಚ್ಚುವರಿ ಚಕ್ರದಷ್ಟೇ ವ್ಯತ್ಯಾಸ. ವ್ಯಾನಿನ ಸ್ಥಿತಿ ಹಾಗಲ್ಲ. ಬೆಳಿಗ್ಗೆ ಖಾಲಿ ಇದ್ದ ಗಾಡಿ ಮಧ್ಯಾಹ್ನದ ಹೊತ್ತಿಗೆ ಅರ್ಧ ಟನ್ನಿಗೂ ಹೆಚ್ಚು ಸರಕು ಹೊತ್ತಿರಬಹುದು, ಮತ್ತು ಒಳಗೆ ಉಪಕರಣಗಳ ಕಪಾಟು ಕೂರಿಸಿದ್ದರೆ ಒಂದು ಪಕ್ಕದ ತೂಕ ಯಾವಾಗಲೂ ಹೆಚ್ಚೇ ಇರುತ್ತದೆ. ತಗ್ಗಿಸಿದ ಸ್ಪ್ರಿಂಗಿನಲ್ಲಿ ಉಳಿದಿರುವ ಚಲನೆಯ ಅವಕಾಶ ಕಡಿಮೆ. ಹಾಗಾಗಿ ಖಾಲಿ ಗಾಡಿಯಲ್ಲಿ ಸರಿಯಾಗಿದ್ದ ಚಕ್ರದ ಕೋನಗಳು ಹೊರೆ ಬಿದ್ದಾಗ ಬೇರೆಯೇ ಆಗುತ್ತವೆ. ಮಾರ್ಪಡಿಸಿದ ವ್ಯಾನಿನ ದೋಷನಿರ್ಣಯದಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವ ಸಂಗತಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರುಗಳ ಗಾಳಿಯನ್ನು ಬಾಗಿಲಿನ ಫಲಕದಲ್ಲಿ ಸೂಚಿಸಿದಂತೆ ತುಂಬಿ, ಎರಡೂ ತುದಿಗಳನ್ನು ಕೆಲವು ಬಾರಿ ಒತ್ತಿ ಬಿಟ್ಟು ಸಸ್ಪೆನ್ಷನ್ ತನ್ನ ಸಹಜ ಸ್ಥಾನಕ್ಕೆ ಬಂದ ಮೇಲೆ, ಚಕ್ರದ ನಡುಬಿಂದುವಿನಿಂದ ಅದರ ಮೇಲಿರುವ ಬಾಡಿಯ ಕಮಾನಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಸವೆತ ಮತ್ತು ಗಾಳಿಯ ವ್ಯತ್ಯಾಸಗಳು ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ. ನಂತರ ದಿನನಿತ್ಯದ ಸರಕನ್ನು ತುಂಬಿ ಇನ್ನೊಮ್ಮೆ ಅಳೆಯಬೇಕು. ಎಡ-ಬಲಗಳ ನಡುವೆ 10 ಮಿಲಿಮೀಟರಿಗಿಂತ ಹೆಚ್ಚಿನ ಅಂತರ ಕಂಡರೆ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ನೋಡದೆ ಮುಂದೆ ಹೋಗುವುದು ವ್ಯರ್ಥ. ಪ್ರತಿ ಆಕ್ಸಲ್ಲಿನ ತೂಕವನ್ನು ಸಾರ್ವಜನಿಕ ವೇಬ್ರಿಡ್ಜಿನಲ್ಲಿ (ಗಾಡಿಗಳನ್ನು ತೂಗುವ ಕಟ್ಟೆಯಲ್ಲಿ) ಪಡೆದು, ಗಾಡಿಯ ಫಲಕದಲ್ಲಿ ಅಚ್ಚಾಗಿರುವ ಆಕ್ಸಲ್ ಮಿತಿಯೊಂದಿಗೆ ಹೋಲಿಸಿ ಬರೆದಿಟ್ಟುಕೊಳ್ಳಬೇಕು. ಈ ಅಂಕಿ ಟೈರಿನ ವಿಚಾರ ಬಂದಾಗ ಮತ್ತೆ ಬೇಕಾಗುತ್ತದೆ.

ಸಸ್ಪೆನ್ಷನ್ ಪೂರ್ತಿ ಕುಸಿದು ಬಂಪ್ ಸ್ಟಾಪಿನ ರಬ್ಬರಿಗೆ ತಾಗುತ್ತಿದೆಯೇ ಎಂಬುದನ್ನು ತಿಳಿಯಲು ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ ಒಂದು ತೆಳುವಾದ ಪ್ಲಾಸ್ಟಿಕ್ ಟೈ ಕಟ್ಟಿ, ಕೆಳಕ್ಕೆ ಸರಿಸಿ, ಗಾಡಿಯನ್ನು ಓಡಿಸಿ ಬರಬೇಕು. ಟೈ ಎಲ್ಲಿಗೆ ಸರಿದಿದೆಯೋ ಅಲ್ಲಿಯವರೆಗೆ ಶಾಕ್ ಮುಳುಗಿದೆ ಎಂದರ್ಥ. ತಗ್ಗಿಸುವ ಸ್ಪ್ರಿಂಗ್ ಹಾಕಿ ಹಳೆಯ ಉದ್ದದ ಬಂಪ್ ಸ್ಟಾಪನ್ನೇ ಉಳಿಸಿಕೊಂಡಿದ್ದರೆ, ಗಾಡಿ ಹೊರೆ ಬಿದ್ದೊಡನೆ ರಬ್ಬರಿನ ಮೇಲೆಯೇ ಸಾಗುತ್ತಿರುತ್ತದೆ. ಆಗ ಸಣ್ಣ ಉಬ್ಬಿಗೂ ಚಕ್ರ ಪುಟಿಯುತ್ತದೆ, ಚಾಲಕನಿಗೆ ಅದು ನಡುಕವೆಂದೇ ಅನಿಸುತ್ತದೆ. ಇದಕ್ಕೆ ಚಕ್ರದ ತೂಕವನ್ನು ಸರಿದೂಗಿಸುವ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಮದ್ದಿಲ್ಲ.

ರಸ್ತೆಯ ಮೇಲಿನ ಪರೀಕ್ಷೆ

ನಡುಕವು ವೇಗಕ್ಕೆ ಕಟ್ಟುಬಿದ್ದಿದೆಯೋ, ಎಂಜಿನ್ನಿನ ಸುತ್ತಿಗೋ, ಚಕ್ರಕ್ಕೆ ಸೇರುವ ಬಲಕ್ಕೋ ಅಥವಾ ಬ್ರೇಕಿಗೋ ಎಂಬುದನ್ನು ಬಿಡಿಸಿಕೊಳ್ಳುವುದೇ ಈ ಪರೀಕ್ಷೆಯ ಉದ್ದೇಶ. ಬ್ರಿಟನ್ನಿನಲ್ಲಿ ಈ ಗಾತ್ರದ ವ್ಯಾನಿಗೆ ಸಾಮಾನ್ಯ ಇಬ್ಬದಿ ರಸ್ತೆಯಲ್ಲಿ ಗಂಟೆಗೆ 50 ಮೈಲು, ವಿಭಜಕವಿರುವ ರಸ್ತೆಯಲ್ಲಿ 60 ಮೈಲು, ಮೋಟಾರ್‌ವೇಯಲ್ಲಿ 70 ಮೈಲಿನ ಮಿತಿ ಇದೆ. ಹೊರನೋಟಕ್ಕೆ ರ‍್ಯಾಲಿ ಗಾಡಿಯಾದ ಮಾತ್ರಕ್ಕೆ ಅದು ಕಾರಿನ ಮಿತಿಗೆ ಏರುವುದಿಲ್ಲ. ಆದ್ದರಿಂದ 60 ಮೈಲಿನ ಪರೀಕ್ಷೆಯನ್ನು ವಿಭಜಕವಿರುವ ನುಣುಪಾದ ರಸ್ತೆಯಲ್ಲಿ, ಪಕ್ಕದಲ್ಲಿ ಟಿಪ್ಪಣಿ ಬರೆದುಕೊಳ್ಳುವ ಒಬ್ಬರನ್ನು ಕೂರಿಸಿಕೊಂಡು ಮಾಡಬೇಕು.

ವೇಗವನ್ನು ಸ್ಥಿರವಾಗಿಟ್ಟು ಮೊದಲು ಆರನೆಯ ಗೇರಿನಲ್ಲಿ, ಆಮೇಲೆ ಐದನೆಯದರಲ್ಲಿ ಓಡಿಸಿ ನೋಡಬೇಕು. ಗೇರ್ ಬದಲಾದರೂ ನಡುಕ ಅದೇ ವೇಗದಲ್ಲಿ ಅದೇ ರೀತಿ ಉಳಿದರೆ ಎಂಜಿನ್ ಮತ್ತು ಅದನ್ನು ಹಿಡಿದಿಡುವ ಮೌಂಟಿಂಗ್‌ಗಳು ಪಟ್ಟಿಯಿಂದ ಹೊರಗೆ. ನಂತರ ಆಕ್ಸಿಲರೇಟರಿನಿಂದ ಕಾಲು ತೆಗೆದು ಕ್ಲಚ್ ಒತ್ತಿ ಕೆಲವು ಕ್ಷಣ ಗಾಡಿಯನ್ನು ತನ್ನಷ್ಟಕ್ಕೆ ಹರಿಯಲು ಬಿಡಬೇಕು. ಆಗಲೂ ನಡುಕವಿದ್ದರೆ ದೋಷ ಇರುವುದು ಚಕ್ರ, ಟೈರು ಅಥವಾ ಚಕ್ರ ಕೂರುವ ಹಬ್ಬಿನಲ್ಲಿ. ಆಗ ಮಾಯವಾಗಿ ಬಲ ಕೊಟ್ಟೊಡನೆ ಮರಳಿದರೆ ಡ್ರೈವ್ ಶಾಫ್ಟಿನ, ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ದಂಡದ, ಒಳಕೀಲು. ಬ್ರೇಕ್ ಮುಟ್ಟಿದಾಗ ಮಾತ್ರ ಬಂದರೆ ಡಿಸ್ಕ್. ಆಟೋಮ್ಯಾಟಿಕ್ ಗೇರಿನ ಗಾಡಿಯನ್ನು ಓಡುವಾಗ ನ್ಯೂಟ್ರಲ್‌ಗೆ ಹಾಕದೆ, ಕಾಲು ತೆಗೆದಾಗ ಆಗುವ ಬದಲಾವಣೆಯಷ್ಟನ್ನೇ ಗಮನಿಸಿದರೆ ಸಾಕು.

ಕೈಗೆ ತಿಳಿಯುವ ಅನುಭವವನ್ನು ಅಂಕಿಗೆ ಇಳಿಸುವುದು ಕಷ್ಟವೇನಲ್ಲ. ಈ ವ್ಯಾನಿನ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಉರುಳುತ್ತದೆ. 60 ಮೈಲಿನ ವೇಗವೆಂದರೆ ಸೆಕೆಂಡಿಗೆ 26.8 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ತಿರುಗುತ್ತಿರುತ್ತದೆ. ಚಕ್ರದ ಒಂದು ಕಡೆ ತೂಕ ಹೆಚ್ಚಿದ್ದರೆ ಸೆಕೆಂಡಿಗೆ 13 ಬಾರಿ ತಟ್ಟುತ್ತದೆ. ಟೈರು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದರ ಎರಡರಷ್ಟು. ಡ್ರೈವ್ ಶಾಫ್ಟಿನ ಒಳಕೀಲಿನಲ್ಲಿ ಮೂರು ಉರುಳೆಗಳಿರುವುದರಿಂದ ಅದರ ಅದುರು ಸುತ್ತಿಗೆ ಮೂರು ಬಾರಿ ಬರುತ್ತದೆ: 40 ಮೈಲಿನ ವೇಗದಲ್ಲಿ ಸೆಕೆಂಡಿಗೆ ಸುಮಾರು 25. ನಾಲ್ಕು ಸಿಲಿಂಡರಿನ ಎಂಜಿನ್ 2,000 ಸುತ್ತಿನಲ್ಲಿರುವಾಗ ಅದರ ದಹನದ ಬಡಿತ ಸೆಕೆಂಡಿಗೆ ಸುಮಾರು 67 ಆಗುತ್ತದೆ. ಮೊಬೈಲ್ ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿ, ಫೋನನ್ನು ಸೀಟಿನ ಕಬ್ಬಿಣದ ಹಳಿಗೆ ಭದ್ರವಾಗಿ ಅಂಟಿಸಿ ದಾಖಲಿಸಿದರೆ 13 ಮತ್ತು 25ರ ನಡುವಿನ ಭೇದ ಸ್ಪಷ್ಟವಾಗಿ ಕಾಣುತ್ತದೆ. ದುಬಾರಿ ಉಪಕರಣವಿಲ್ಲದ ಗ್ಯಾರೇಜಿಗೆ ಇಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಚಕ್ರ, ಹಬ್ ಮತ್ತು ಟೈರು

ವೇಗಕ್ಕೆ ಕಟ್ಟುಬಿದ್ದ ನಡುಕದಲ್ಲಿ ಮೊದಲ ಅನುಮಾನ ಚಕ್ರದ ಜೋಡಣೆಯ ಮೇಲೆಯೇ ಹೋಗಬೇಕು. ಟ್ರಾನ್ಸಿಟ್ ಕಸ್ಟಮ್‌ನ ಹಬ್ಬಿನಲ್ಲಿ 160 ಮಿ.ಮೀ. ವೃತ್ತದ ಮೇಲೆ ಐದು ಸ್ಟಡ್‌ಗಳಿವೆ, ನಡುವಿನ ರಂಧ್ರದ ವ್ಯಾಸ 65.1 ಮಿ.ಮೀ. ಫೋರ್ಡ್ ಫೋಕಸ್ ಕಾರಿನಲ್ಲಾದರೋ ಐದು ಸ್ಟಡ್‌ಗಳು 108 ಮಿ.ಮೀ. ವೃತ್ತದಲ್ಲಿದ್ದು ನಡುರಂಧ್ರ 63.4 ಮಿ.ಮೀ. ಇರುತ್ತದೆ. ರ‍್ಯಾಲಿ ಕಾರಿನ ಚಂದದ ಚಕ್ರವನ್ನು ವ್ಯಾನಿಗೆ ಕೂರಿಸಬೇಕೆಂಬ ಆಸೆಯಿಂದ ಅಡಾಪ್ಟರ್ ತಟ್ಟೆಗಳನ್ನು ಹಾಕಿಸಿಕೊಂಡವರಿದ್ದಾರೆ. ಟನ್ನಿನ ಲೆಕ್ಕದಲ್ಲಿ ಹೊರೆ ಹೊರುವ ಗಾಡಿಗೆ ಆ ಜೋಡಣೆ ತಕ್ಕುದಲ್ಲ. ಅದರೊಂದಿಗೆ ಬಂದ ಗಾಡಿಯಲ್ಲಿ ನಾನು ಬೇರೆ ಯಾವ ಪರೀಕ್ಷೆಗೂ ಮುಂಚೆ ಅಡಾಪ್ಟರನ್ನು ತೆಗೆಸಿ, ಕಂಪನಿಯ ಉಕ್ಕಿನ ಚಕ್ರಗಳನ್ನು ಹಾಕಿ ಓಡಿಸಿ ನೋಡುತ್ತೇನೆ.

ಹೊರಗಿನ ಕಂಪನಿಗಳ ಚಕ್ರಗಳನ್ನು ಹಲವು ಗಾಡಿಗಳಿಗೆ ಹೊಂದುವಂತೆ ದೊಡ್ಡ ನಡುರಂಧ್ರದೊಂದಿಗೆ ಮಾಡಿ, ಮಧ್ಯೆ ಒಂದು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಉಂಗುರವನ್ನು ಕೊಡುತ್ತಾರೆ. ಟೈರ್ ಬದಲಿಸುವಾಗ ಆ ಉಂಗುರ ಹಳೆಯ ಚಕ್ರದಲ್ಲಿಯೇ ಉಳಿದು ಹೋದರೆ ಚಕ್ರವು ಬರೀ ನಟ್‌ಗಳ ಆಧಾರದಿಂದ, ನಡುವಿನಿಂದ ಕೂದಲೆಳೆಯಷ್ಟು ಸರಿದು ನಿಲ್ಲುತ್ತದೆ. ಇಂಥ ಚಕ್ರ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ನಿರ್ದೋಷಿಯಾಗಿಯೇ ಕಾಣುತ್ತದೆ, ಏಕೆಂದರೆ ಯಂತ್ರವು ಅದನ್ನು ತನ್ನ ಶಂಕುವಿನಿಂದ ನಡುವಿಗೆ ಸರಿಯಾಗಿ ಹಿಡಿದಿರುತ್ತದೆ. ಆದ್ದರಿಂದ ಚಕ್ರವನ್ನು ಗಾಡಿಯ ಮೇಲೆಯೇ ತಿರುಗಿಸಿ, ಡಯಲ್ ಗೇಜಿನಿಂದ ರಿಮ್ಮಿನ ಏರಿಳಿತವನ್ನೂ ಅಡ್ಡ ತೊನೆದಾಟವನ್ನೂ ಅಳೆಯಬೇಕು. ಎರಡರಲ್ಲಿ ಯಾವುದಾದರೂ ಒಂದು ಮಿಲಿಮೀಟರನ್ನು ಸಮೀಪಿಸಿದರೆ ಹಬ್ಬಿನ ಮುಖವನ್ನು ತುಕ್ಕು ಹೋಗುವಂತೆ ಉಜ್ಜಿ, ಉಂಗುರವನ್ನು ಪರೀಕ್ಷಿಸಿ, ನಟ್‌ನ ಕೂರುವ ಮುಖ ಆ ಅಲಾಯ್ ಚಕ್ರಕ್ಕೆಂದೇ ಮಾಡಿದ್ದೇ ಎಂದು ನೋಡಿ, ಮತ್ತೆ ಅಳೆಯಬೇಕು. ಉಕ್ಕಿನ ಚಕ್ರದ ನಟ್ ಅಲಾಯ್‌ಗೆ ಹೊಂದುತ್ತದೆಂದು ಭಾವಿಸಬಾರದು.

ಟೈರಿನ ವಿಚಾರದಲ್ಲಿ ಗಾತ್ರ ಹೊಂದಿದರೆ ಸಾಲದು, ಹೊರುವ ಶಕ್ತಿಯೂ ಹೊಂದಬೇಕು. ವ್ಯಾನಿನೊಂದಿಗೆ ಬರುವ 215/65 ಆರ್16 ಸಿ ಟೈರಿನ ಹೊರವ್ಯಾಸ ಲೆಕ್ಕಕ್ಕೆ 686 ಮಿ.ಮೀ. ಬರುತ್ತದೆ, 235/50 ಆರ್18 ಟೈರಿನದು 692. ವ್ಯತ್ಯಾಸ ಶೇಕಡಾ ಒಂದಕ್ಕೂ ಕಡಿಮೆ, ಆದ್ದರಿಂದ ಕಣ್ಣಿಗೆ ಎಲ್ಲವೂ ಸರಿಯೆನಿಸುತ್ತದೆ. ಆದರೆ ಮೊದಲನೆಯದರ ಮೇಲೆ 109 ಎಂಬ ಹೊರೆಯ ಸೂಚ್ಯಂಕವಿದ್ದರೆ ಒಂದು ಟೈರು 1,030 ಕಿಲೋ ಹೊರಬಲ್ಲದು. ಕಾರಿಗೆಂದು ಮಾಡಿದ ಎರಡನೆಯದರ ಮೇಲೆ 97 ಇದ್ದರೆ 730 ಕಿಲೋ, 101 ಇದ್ದರೆ 825 ಕಿಲೋ ಮಾತ್ರ. ಗಾಡಿಯ ಫಲಕದಲ್ಲಿ ಮುಂದಿನ ಆಕ್ಸಲ್ಲಿನ ಮಿತಿ 1,700 ಕಿಲೋ ಎಂದಿದ್ದರೆ ಪ್ರತಿ ಟೈರೂ ಕನಿಷ್ಠ 850 ಕಿಲೋ ಹೊರಬೇಕಾದ್ದರಿಂದ ಈ ಎರಡೂ ಸಾಲವು. ಕಡಿಮೆ ಸೂಚ್ಯಂಕದ ಟೈರಿನ ಪಕ್ಕದ ಗೋಡೆ ಹೊರೆಯಡಿ ಹೆಚ್ಚು ಬಾಗುತ್ತದೆ, ಕಾಯುತ್ತದೆ, ತಿರುವಿನಲ್ಲಿ ಹೊರಳುತ್ತದೆ. ಚಾಲಕ ಅದನ್ನು ಸ್ಟೀರಿಂಗಿನ ಸಡಿಲು ಎಂದು ವರ್ಣಿಸುತ್ತಾನೆ. ಇದು ಆರಾಮದ ಪ್ರಶ್ನೆಯಲ್ಲ, ಟೈರು ಸಿಡಿಯುವ ಅಪಾಯದ ಪ್ರಶ್ನೆ. ಸೂಚ್ಯಂಕ ಸಾಲದಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಟೈರು ಬದಲಿಸಬೇಕು.

ಬಲ ಕೊಟ್ಟಾಗಿನ ಅದುರು

2.0 ಲೀಟರಿನ ಇಕೋಬ್ಲೂ ಡೀಸೆಲ್ ಎಂಜಿನ್ 170 ಅಶ್ವಶಕ್ತಿಯ ರೂಪದಲ್ಲಿಯೇ 400 ನ್ಯೂಟನ್-ಮೀಟರಿನ ಆಸುಪಾಸಿನ ತಿರುಚುಬಲ ಕೊಡುತ್ತದೆ. ಅದರ ಮೇಲೆ ರೀಮ್ಯಾಪ್ ಮಾಡಿಸಿದಾಗ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕವನ್ನು ಬದಲಿಸಿದಾಗ, ಹೆಚ್ಚುವ ಬಲವೆಲ್ಲ ಮುಂದಿನ ಎರಡು ಚಕ್ರಗಳ ಮೂಲಕವೇ ರಸ್ತೆಗೆ ಇಳಿಯಬೇಕು. ಖಾಲಿ ವ್ಯಾನ್ ವೇಗ ಹೆಚ್ಚಿಸಿಕೊಳ್ಳುವಾಗ ಮೂಗು ಮೇಲೇಳುತ್ತದೆ. ಆಗ ಡ್ರೈವ್ ಶಾಫ್ಟಿನ ಕೋನ ಬದಲಾಗುತ್ತದೆ, ಒಳಕೀಲಿನ ಉರುಳೆಗಳು ತಮ್ಮ ತೋಡುಗಳಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುತ್ತವೆ. ಕೋನ ಮತ್ತು ಬಲ ಎರಡೂ ಹೆಚ್ಚಿದಷ್ಟು ಈ ಜಾರಾಟದ ಎಳೆತವೂ ಹೆಚ್ಚುತ್ತದೆ.

ಗಾಡಿ ತಗ್ಗಿಸಿದ್ದರಿಂದಲೇ ಕೀಲು ಕೆಟ್ಟಿತು ಎನ್ನುವುದು ಯಾವಾಗಲೂ ನಿಜವಲ್ಲ. ಸ್ವಲ್ಪ ತಗ್ಗಿಸಿದಾಗ ಶಾಫ್ಟ್ ಮೊದಲಿಗಿಂತ ಸಮತಲಕ್ಕೆ ಹತ್ತಿರವಾಗಲೂಬಹುದು, ಅತಿಯಾಗಿ ತಗ್ಗಿಸಿದಾಗ ಮಾತ್ರ ಕೋನ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಹೆಚ್ಚು ಓಡಿದ ಗಾಡಿಯಲ್ಲಿ ನಡೆಯುವುದು ಬೇರೆ: ಹಳೆಯ ಎತ್ತರದಲ್ಲಿ ಉರುಳೆಗಳು ತೋಡಿನಲ್ಲಿ ತಮ್ಮದೇ ಗುಳಿ ಮಾಡಿಕೊಂಡಿರುತ್ತವೆ, ಎತ್ತರ ಬದಲಾದ ಮೇಲೆ ಅವು ಆ ಗುಳಿಯ ಅಂಚಿನ ಮೇಲೆ ಏರಿ ಇಳಿಯಬೇಕಾಗುತ್ತದೆ. ಆದ್ದರಿಂದ ಕೋನಮಾಪಕವನ್ನು ಶಾಫ್ಟಿನ ಮೇಲಿಟ್ಟು ಎಡ-ಬಲ ಎರಡನ್ನೂ, ಚಕ್ರಗಳು ನೆಲದ ಮೇಲಿರುವಾಗಲೇ ಅಳೆಯಬೇಕು. ಜಾಕ್ ಮೇಲೆತ್ತಿ ಚಕ್ರ ನೇತಾಡುವಾಗ ಅಳೆದ ಕೋನಕ್ಕೆ ಅರ್ಥವಿಲ್ಲ. ಕೀಲಿನ ರಬ್ಬರ್ ಮುಸುಕು, ಅಂದರೆ ಬೂಟ್, ಹರಿದು ಗ್ರೀಸ್ ಹೊರಬಂದಿದ್ದರೆ ಉತ್ತರ ಕಣ್ಣೆದುರೇ ಇರುತ್ತದೆ. ಬೂಟ್ ಸರಿಯಿದ್ದರೆ, ಅದರ ಪಟ್ಟಿ ಬಿಚ್ಚಿ ತೋಡಿನ ಮೇಲೆ ಬೆರಳಾಡಿಸಿ ಗುಳಿ ಇದೆಯೇ ನೋಡಬೇಕು.

ಕೀಲು ಚೆನ್ನಾಗಿದ್ದೂ ಅದುರು ಉಳಿದರೆ ಎಂಜಿನ್ನಿನ ತಿರುಗಾಟವನ್ನು ತಡೆಯುವ ಕೆಳಗಿನ ಮೌಂಟಿಂಗ್ ರಬ್ಬರನ್ನು ಪರೀಕ್ಷಿಸಬೇಕು. ಕಡಿಮೆ ಸುತ್ತಿನಲ್ಲಿ ಪೂರ್ತಿ ಬಲ ಕೇಳಿದಾಗ ಮಾತ್ರ ಗಡಗಡ ಬರುವ, ಎಂಜಿನ್ ಆರಿಸುವಾಗ ಲೋಹದ ಸದ್ದು ಕೇಳುವ ಗಾಡಿಯಲ್ಲಿ ಎರಡು ತುಂಡಿನ ಫ್ಲೈವೀಲಿನ (ಎಂಜಿನ್ ಬಡಿತವನ್ನು ತಣಿಸುವ ಭಾರದ ಚಕ್ರದ) ಸವೆತವನ್ನು ಶಂಕಿಸುವುದು ನ್ಯಾಯ. ರೀಮ್ಯಾಪನ್ನು ತಾತ್ಕಾಲಿಕವಾಗಿ ಮೂಲಕ್ಕೆ ಮರಳಿಸಿ ಓಡಿಸಿ ನೋಡಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಎಳೆತ: ಹಿಂದಿನ ಆಕ್ಸಲ್ಲನ್ನು ಮರೆಯದಿರಿ

ಒಂದು ಪಕ್ಕದ ಎಳೆತವನ್ನು ಪರೀಕ್ಷಿಸುವ ಮುಂಚೆ ರಸ್ತೆಯ ಇಳಿಜಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಡಬದಿಯಲ್ಲಿ ಓಡಿಸುವ ದೇಶದಲ್ಲಿ ನೀರು ಹರಿದುಹೋಗಲು ರಸ್ತೆ ಎಡಕ್ಕೆ ಬಾಗಿರುವುದರಿಂದ ಎಡಕ್ಕೆ ಸ್ವಲ್ಪ ಸರಿಯುವುದು ಸಹಜ, ಅಗಲವಾದ ಟೈರಿನಲ್ಲಿ ಅದು ಇನ್ನಷ್ಟು ಎದ್ದು ತೋರುತ್ತದೆ. ಅದಕ್ಕೂ ಮೀರಿದ ಎಳೆತವಿದ್ದರೆ ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಬೇಕು, ಟೈರಿಗೆ ತಿರುಗುವ ದಿಕ್ಕಿನ ಗುರುತು ಇಲ್ಲದಿದ್ದರೆ ಮಾತ್ರ. ಎಳೆತವೂ ಪಕ್ಕ ಬದಲಿಸಿದರೆ ದೋಷ ಟೈರಿನದು.

ಬದಲಾಗದಿದ್ದರೆ ನಾಲ್ಕೂ ಚಕ್ರಗಳ ಕೋನಗಳ, ಅಂದರೆ ಅಲೈನ್‌ಮೆಂಟ್ ಅಳತೆ ಬೇಕು. ಮುಂದಿನ ಎರಡನ್ನು ಮಾತ್ರ ಅಳೆಯುವ ಅಂಗಡಿ ಇಲ್ಲಿ ಪ್ರಯೋಜನಕ್ಕೆ ಬಾರದು. ತಗ್ಗಿಸಿದ ಮೇಲೆ ಮುಂದಿನ ಚಕ್ರಗಳ ಕ್ಯಾಂಬರ್ (ಮುಂದಿನಿಂದ ನೋಡಿದಾಗಿನ ಚಕ್ರದ ವಾಲು) ಒಳಕ್ಕೆ ವಾಲುತ್ತದೆ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ಬದಲಾಗುತ್ತದೆ. ಟೈರಿನ ಒಳಅಂಚು ಬೇಗ ಸವೆಯುವುದಕ್ಕೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ, ಆದರೆ ಹೆಚ್ಚಿನ ಪಾಲು ಟೋದ್ದು. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಎರಡೂ ದಿಕ್ಕಿಗೆ ಸವರಿದಾಗ ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದಂತೆ ಒರಟು ಅನಿಸಿದರೆ ಟೋ ತಪ್ಪಿದೆ.

ಹಿಂಬದಿಯನ್ನು ತಗ್ಗಿಸಲು ಕಿಟ್‌ಗೆ ತಕ್ಕಂತೆ ಆಕ್ಸಲ್ ಮತ್ತು ಕಮಾನು ಪಟ್ಟಿಯ ನಡುವೆ ಬ್ಲಾಕ್ ಇಡುತ್ತಾರೆ ಅಥವಾ ಪಟ್ಟಿಯನ್ನೇ ಬದಲಿಸುತ್ತಾರೆ. ಪಟ್ಟಿಯ ನಡುಬೋಲ್ಟಿನ ತಲೆ ಬ್ಲಾಕಿನ ಗುಳಿಯಲ್ಲಿ ಸರಿಯಾಗಿ ಕೂರದಿದ್ದರೆ ಆಕ್ಸಲ್ಲಿನ ಒಂದು ತುದಿ ಮುಂದಕ್ಕೋ ಹಿಂದಕ್ಕೋ ಸರಿದಿರುತ್ತದೆ. 1.7 ಮೀಟರ್ ಅಂತರದ ಎರಡು ಚಕ್ರಗಳಲ್ಲಿ ಒಂದು 5 ಮಿ.ಮೀ. ಮುಂದಿದ್ದರೂ ಆಕ್ಸಲ್ 0.17 ಡಿಗ್ರಿ ಓರೆಯಾಗುತ್ತದೆ, ಗಾಡಿ ಏಡಿಯಂತೆ ಓರೆಯಾಗಿ ಸಾಗುತ್ತದೆ, ಚಾಲಕ ಸ್ಟೀರಿಂಗನ್ನು ಸದಾ ತುಸು ತಿರುಗಿಸಿ ಹಿಡಿದಿರಬೇಕಾಗುತ್ತದೆ. ಮುಂದಿನ ಟೋ ಸರಿಪಡಿಸಿ ಸ್ಟೀರಿಂಗನ್ನು ನೆಟ್ಟಗೆ ತೋರುವಂತೆ ಮಾಡಿದರೆ ಲಕ್ಷಣ ಮರೆಯಾಗುತ್ತದೆ, ದೋಷ ಉಳಿಯುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು ಎಡಬಲ ಎರಡೂ ಕಡೆ ಟೇಪಿನಿಂದ ಅಳೆದರೇ ಸುಳಿವು ದೊರಕುತ್ತದೆ. ಗಿಡ್ಡ ವ್ಯಾನಿನಲ್ಲಿ ಈ ಅಂತರ 2,933 ಮಿ.ಮೀ., ಉದ್ದನೆಯದರಲ್ಲಿ 3,300.

ಇದೆಲ್ಲ ಸರಿಯಾದ ಮೇಲೂ ಗಾಡಿ ತಿರುವಿನಲ್ಲಿ ತಾನೇ ಬ್ರೇಕ್ ಹಿಡಿದಂತೆ ತಡವರಿಸಿದರೆ ಸ್ಥಿರತೆ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ನೋಡಬೇಕು. ಅಲೈನ್‌ಮೆಂಟ್ ಮಾಡಿದ ನಂತರ ಸ್ಟೀರಿಂಗ್ ಕೋನದ ಸೆನ್ಸರನ್ನು ಸೊನ್ನೆಗೆ ತರದಿದ್ದರೆ, ಅಥವಾ ನಾಲ್ಕು ಟೈರುಗಳ ಸವೆತ ಬಹಳ ಭಿನ್ನವಾಗಿದ್ದರೆ, ಆ ವ್ಯವಸ್ಥೆಗೆ ಗಾಡಿ ಜಾರುತ್ತಿದೆ ಎಂಬ ತಪ್ಪು ಸುದ್ದಿ ಹೋಗುತ್ತದೆ. ಸ್ಕ್ಯಾನರಿನಲ್ಲಿ ನೇರ ಓಟದ ನಾಲ್ಕು ಚಕ್ರಗಳ ವೇಗವನ್ನು ಅಕ್ಕಪಕ್ಕ ನೋಡಿದರೆ ತಿಳಿಯುತ್ತದೆ. ಬಂಪರ್ ಬದಲಾಗಿ ಎತ್ತರವೂ ತಗ್ಗಿರುವ ಗಾಡಿಯಲ್ಲಿ ಗಾಜಿನ ಹಿಂದಿನ ಕ್ಯಾಮೆರಾ, ಬಂಪರಿನ ರೇಡಾರ್ ಮತ್ತು ಹೆಡ್‌ಲೈಟಿನ ಗುರಿಗಳನ್ನೂ ಹೊಸದಾಗಿ ಹೊಂದಿಸಬೇಕು.

ಬ್ರೇಕಿನ ನಡುಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಿಸ್ಕ್ ಬದಲಿಸುವಾಗ ಹಬ್ಬಿನ ಮುಖದ ತುಕ್ಕನ್ನು ಹಾಗೇ ಬಿಡುವುದೇ ಅದಕ್ಕೆ ಬಹುಪಾಲು ಕಾರಣ. ಹಬ್ ಶುದ್ಧ ಮಾಡಿ, ನಟ್‌ಗಳನ್ನು ಎದುರುಬದುರಿನ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿದು ಮತ್ತೆ ನೋಡಬೇಕು.

ದುರಸ್ತಿಯ ನಂತರದ ಓಟವನ್ನು ಖಾಲಿ ಗಾಡಿಯಲ್ಲಿ ಒಮ್ಮೆ, ದಿನನಿತ್ಯದ ಸರಕಿನೊಂದಿಗೆ ಒಮ್ಮೆ, ಮೊದಲಿನ ರಸ್ತೆಯಲ್ಲಿಯೇ, ಫೋನನ್ನು ಅದೇ ಜಾಗದಲ್ಲಿ ಅಂಟಿಸಿ ಮಾಡಬೇಕು. ರ‍್ಯಾಲಿ ತಂಡಗಳು ಪ್ರತಿ ಓಟಕ್ಕೂ ಎತ್ತರ, ಕೋನ, ಗಾಳಿ, ತೂಕಗಳನ್ನು ಬರೆದಿಟ್ಟುಕೊಳ್ಳುವ ಹಾಳೆಯೊಂದನ್ನು ಇಟ್ಟಿರುತ್ತವೆ. ಅಂಥದೇ ಹಾಳೆಯನ್ನು ಈ ವ್ಯಾನಿಗೂ ಮಾಡಿ, ಖಾಲಿ ಮತ್ತು ಭರ್ತಿ ಎರಡೂ ಸ್ಥಿತಿಗಳ ಅಂಕಿಗಳನ್ನು ಅದರಲ್ಲಿ ತುಂಬಿ ಗಾಡಿಯಲ್ಲಿಯೇ ಇಡಬೇಕು. ಮೊದಲ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್‌ಗಳನ್ನೂ ಕಮಾನು ಪಟ್ಟಿಯ ಯು-ಬೋಲ್ಟುಗಳನ್ನೂ ತಯಾರಕರು ಸೂಚಿಸಿದ ಬಿಗಿತಕ್ಕೆ ಇನ್ನೊಮ್ಮೆ ಪರೀಕ್ಷಿಸಿ, ಆ ದಿನಾಂಕವನ್ನು ಹಾಳೆಯಲ್ಲಿ ನಮೂದಿಸಬೇಕು.